ಸ್ಟಾರ್ಟ್ ಆಗಿ ನಿಂತುಹೋದ ಲಾರಿ: ಮೈನಸ್ 34 ಡಿಗ್ರಿಯ ಒಂದು ಪ್ರಕರಣ

ಒಂದೇ ಯಾರ್ಡ್‌ನಲ್ಲಿ ರಾತ್ರಿ ಅಕ್ಕಪಕ್ಕ ನಿಂತಿದ್ದ ಎರಡು ಲಾರಿಗಳ ಪ್ರಕರಣ ಇದು. ಎರಡೂ ಒಂದೇ ಮಾಡೆಲ್. ಬ್ಯಾಟರಿಗಳನ್ನು ಒಟ್ಟಿಗೇ ಬದಲಿಸಿದ್ದರು. ಎಂಜಿನ್ ಆಯಿಲ್, ಕೂಲೆಂಟ್ ಎಲ್ಲವೂ ಒಂದೇ ಬಗೆಯವು. ರಾತ್ರಿಯಿಡೀ ಎರಡಕ್ಕೂ ಎಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರ್ ಹಾಕಿಟ್ಟಿದ್ದರು. ಬೆಳಗಿನ ಜಾವ ಮೈನಸ್ 34 ಡಿಗ್ರಿ ಸೆಲ್ಸಿಯಸ್ ಇತ್ತು. ಒಂದು ಲಾರಿ ಸ್ಟಾರ್ಟ್ ಆಗಿ ಹೊರಟುಹೋಯಿತು. ಇನ್ನೊಂದೂ ಸ್ಟಾರ್ಟ್ ಆಯಿತು, ನಾಲ್ಕೈದು ನಿಮಿಷ ಚೆನ್ನಾಗಿಯೇ ಓಡಿತು. ಆಮೇಲೆ ಆರ್‌ಪಿಎಂ ಏರಿಳಿಯತೊಡಗಿತು, ಎಂಜಿನ್ ನಡುಗಿತು, ನಿಂತೇಬಿಟ್ಟಿತು.

ಸ್ಟಾರ್ಟ್ ಆಗಿ ಆಮೇಲೆ ನಿಂತಿತು ಅನ್ನುವುದರಲ್ಲೇ ಮುಕ್ಕಾಲು ಉತ್ತರ ಇತ್ತು. ಅದನ್ನು ಹೊತ್ತಿಗೆ ಸರಿಯಾಗಿ ಯಾರೂ ಗಮನಿಸಲಿಲ್ಲ. ಡೀಸೆಲ್‌ಗೆ ಸಂಬಂಧಿಸಿದ ಒಂದು ತೊಂದರೆ ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ, ಬ್ರೇಕ್, ಟೋಯಿಂಗ್ ಎಲ್ಲ ಸೇರಿದ ದೊಡ್ಡ ತಲೆನೋವಾಯಿತು. ಲಾರಿ ಯಾಕೆ ನಿಂತಿತು ಅನ್ನುವಷ್ಟೇ, ನಿಂತ ಮೇಲೆ ಜನ ಏನೇನು ಮಾಡಿದರು ಅನ್ನುವುದೂ ಈ ಪ್ರಕರಣದಲ್ಲಿ ಮುಖ್ಯ.

ಮೊದಲ ಒಂದು ಗಂಟೆ

ಡ್ರೈವರ್ ಮತ್ತೆ ಸೆಲ್ಫ್ ಹೊಡೆದರು. ಎಂಜಿನ್ ಹಿಡಿಯಿತು, ಅರ್ಧ ನಿಮಿಷದಲ್ಲಿ ನಿಂತಿತು. ಇನ್ನೊಮ್ಮೆ ಹೊಡೆದರು. ಈಗ ಹಿಡಿಯಲೇ ಇಲ್ಲ. "ಸೆಲ್ಫ್ ಚೆನ್ನಾಗಿ ತಿರುಗ್ತಿದೆ ಸರ್, ಆದ್ರೂ ತಗೊಳ್ತಿಲ್ಲ" ಎಂದು ಯಾರ್ಡ್ ಮೇಲ್ವಿಚಾರಕರಿಗೆ ಹೇಳಿದರು. ಅವರಿಗೆ ಬ್ಯಾಟರಿ ಮೇಲೆ ಅನುಮಾನ. ಚಳಿಗಾಲದಲ್ಲಿ ಎಲ್ಲರಿಗೂ ಮೊದಲು ಬ್ಯಾಟರಿ ಮೇಲೆಯೇ ಅನುಮಾನ ಬರುತ್ತದೆ, ಮತ್ತು ಎಷ್ಟೋ ಸಲ ಅದು ಸರಿಯೂ ಇರುತ್ತದೆ. ಹಾಗಾಗಿ ಸೆಲ್ಫ್ ಹೊಡೆಯುವುದು ಮುಂದುವರಿಯಿತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕಿತ್ತು. ಚಳಿಗೆ ಡೀಸೆಲ್ ಎಂಜಿನ್ ಕೈಕೊಡುವುದರಲ್ಲಿ ಮೂರು ಬಗೆ ಇದೆ. ಸೆಲ್ಫೇ ಸರಿಯಾಗಿ ತಿರುಗದಿದ್ದರೆ ಬ್ಯಾಟರಿ, ಕೇಬಲ್ ಅಥವಾ ಗಟ್ಟಿಯಾದ ಆಯಿಲ್ ನೋಡಬೇಕು. ಸೆಲ್ಫ್ ಜೋರಾಗಿ ತಿರುಗಿ, ಬಿಳಿ ಹೊಗೆ ಬಂದು, ಎಂಜಿನ್ ಹಿಡಿಯದಿದ್ದರೆ ಸಿಲಿಂಡರ್ ಒಳಗೆ ಡೀಸೆಲ್ ಹೊತ್ತುವಷ್ಟು ಬಿಸಿ ಸಿಗುತ್ತಿಲ್ಲ ಎಂದು ಅರ್ಥ. ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಇಲ್ಲ. ಗಾಳಿಯನ್ನು ಅದುಮಿದಾಗ ಹುಟ್ಟುವ ಬಿಸಿಯೇ ಬೆಂಕಿಕಡ್ಡಿ. ಮೂರನೆಯದು ಇಲ್ಲಿ ಆದದ್ದು: ಹಿಡಿಯುತ್ತದೆ, ಓಡುತ್ತದೆ, ಆಮೇಲೆ ನಿಲ್ಲುತ್ತದೆ. ಅಂದರೆ ಬ್ಯಾಟರಿ ಸರಿ ಇದೆ, ಬಿಸಿಯೂ ಸಾಕು, ಡೀಸೆಲ್ ಮಾತ್ರ ಬರುತ್ತಿಲ್ಲ. ಮೊದಲ ನಾಲ್ಕೈದು ನಿಮಿಷ ಓಡಿದ್ದು ಬಿಸಿ ಎಂಜಿನ್ ಪಕ್ಕದ ಪೈಪ್ ಮತ್ತು ಫಿಲ್ಟರ್‌ನಲ್ಲಿ ಮೊದಲೇ ಇದ್ದ ಡೀಸೆಲ್‌ನಿಂದ. ಅದು ಮುಗಿದ ಮೇಲೆ ಟ್ಯಾಂಕ್‌ನಿಂದ ಎಳೆದುಕೊಳ್ಳಬೇಕಾಯಿತು. ಅಲ್ಲಿಗೆ ಕತೆ ಮುಗಿಯಿತು.

ಬ್ಲಾಕ್ ಹೀಟರ್ ಹಾಕಿದ್ದೇ ಎಲ್ಲರ ದಾರಿ ತಪ್ಪಿಸಿತು. ರಾತ್ರಿಯಿಡೀ ಕರೆಂಟ್ ಕೊಟ್ಟಿದ್ದೇವೆ, ಇನ್ನು ಚಳಿಯ ಮಾತೇ ಇಲ್ಲ ಅಂದುಕೊಂಡರು. ದೊಡ್ಡ ಲಾರಿಯ ಬ್ಲಾಕ್ ಹೀಟರ್ ಸಾಮಾನ್ಯವಾಗಿ 1,000ದಿಂದ 1,500 ವಾಟ್ ಇರುತ್ತದೆ. ಅದು ಎಂಜಿನ್ ಬ್ಲಾಕ್‌ನಲ್ಲಿರುವ ಕೂಲೆಂಟ್ ಬಿಸಿ ಮಾಡುತ್ತದೆ, ಅಷ್ಟೇ. ಚಾಸಿಗೆ ತೂಗುಹಾಕಿದ ಡೀಸೆಲ್ ಟ್ಯಾಂಕ್‌ಗೆ ಅದರಿಂದ ಏನೂ ಆಗುವುದಿಲ್ಲ. ಟ್ಯಾಂಕ್ ರಾತ್ರಿಯಿಡೀ ಬಯಲಲ್ಲೇ ಇರುತ್ತದೆ.

ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ನಿಜಕ್ಕೂ ಇಳಿಯಿತು. ಆಗ ಒಬ್ಬರು ಈಥರ್ ಸ್ಪ್ರೇ ಡಬ್ಬಿ ತಂದರು, ಎಂಜಿನ್ ಹಿಡಿಯಲೆಂದು ಗಾಳಿಯ ದಾರಿಗೆ ಹೊಡೆಯುವ, ಥಟ್ಟನೆ ಹೊತ್ತಿಕೊಳ್ಳುವ ದ್ರವ ಅದು. ಪುಣ್ಯಕ್ಕೆ ಮೇಲ್ವಿಚಾರಕರು ತಡೆದರು. ಈ ಎಂಜಿನ್‌ನ ಗಾಳಿ ಒಳಬರುವ ದಾರಿಯಲ್ಲಿ ಕರೆಂಟ್‌ನಿಂದ ಕೆಂಪಗೆ ಕಾಯುವ ಗ್ರಿಡ್ ಹೀಟರ್ ಇದೆ. ಅದಕ್ಕೆ ಈಥರ್ ತಗುಲಿದರೆ ಅಲ್ಲೇ ಸ್ಫೋಟ. ಸಿಲಿಂಡರ್ ಒಳಗೇ ಕೆಂಪಗೆ ಕಾಯುವ ಗ್ಲೋ ಪ್ಲಗ್ ಇರುವ ಎಂಜಿನ್‌ಗೂ ಇದೇ ಮಾತು. ಅಷ್ಟಕ್ಕೂ ಡೀಸೆಲ್ ಬರದ ಎಂಜಿನ್‌ಗೆ ಈಥರ್ ಕೊಟ್ಟರೆ ಏನು ಸಿಗುತ್ತದೆ? ಈಥರ್ ಇರುವಷ್ಟು ಹೊತ್ತು ಓಡಿ ಮತ್ತೆ ನಿಲ್ಲುತ್ತದೆ. ಟ್ಯಾಂಕ್ ಕೆಳಗೆ ಸ್ವಲ್ಪ ಬೆಂಕಿ ಹಾಕೋಣ ಅನ್ನುವ ಸಲಹೆಯೂ ಬಂತು. ಅದೂ ನಡೆಯಲಿಲ್ಲ. ಟ್ಯಾಂಕ್ ಪಕ್ಕದಲ್ಲೇ ವೈರಿಂಗ್ ಇದೆ, ಬ್ರೇಕಿನ ನೈಲಾನ್ ಪೈಪ್‌ಗಳಿವೆ. ಇದು ಹಳೇ ಉಪಾಯ ನಿಜ, ಆದರೆ ಇದರಿಂದ ಸುಟ್ಟುಹೋದ ಲಾರಿಗಳೂ ಉಂಟು.

ಫಿಲ್ಟರ್ ಬಿಚ್ಚಿದಾಗ

ಕೊನೆಗೆ ಫಿಲ್ಟರ್ ಬಿಚ್ಚಿದರು. ಒಳಗೆ ಗ್ರೀಸ್‌ನಂಥ ಮಬ್ಬು ಬಿಳಿ ಪದಾರ್ಥ ತುಂಬಿತ್ತು. ಅದು ಮೇಣವೋ, ನೀರು ಕಟ್ಟಿದ ಮಂಜುಗಡ್ಡೆಯೋ? ಈ ಪ್ರಶ್ನೆ ಮುಖ್ಯ, ಯಾಕೆಂದರೆ ಎರಡಕ್ಕೂ ಮದ್ದು ಬೇರೆ. ಅದರಲ್ಲಿ ಸ್ವಲ್ಪ ತೆಗೆದು ಗಾಜಿನ ಜಾಡಿಗೆ ಹಾಕಿ ಬೆಚ್ಚಗಿನ ಆಫೀಸಿನಲ್ಲಿಟ್ಟರು. ನೀರಾಗಿದ್ದರೆ ಕರಗಿದ ಮೇಲೆ ಜಾಡಿಯ ತಳದಲ್ಲಿ ಬೇರೆಯಾಗಿ ಕೂರುತ್ತದೆ. ಮೇಣವಾಗಿದ್ದರೆ ಗುರುತೇ ಇಲ್ಲದಂತೆ ತಿಳಿ ಡೀಸೆಲ್‌ನಲ್ಲಿ ಸೇರಿಹೋಗುತ್ತದೆ. ಜಾಡಿಯಲ್ಲಿ ಉಳಿದದ್ದು ತಿಳಿ ಡೀಸೆಲ್. ತಳದಲ್ಲಿ ಎರಡು ಮೂರು ಹನಿ ನೀರು ಇತ್ತು, ಆದರೆ ಲಾರಿ ನಿಲ್ಲಿಸುವಷ್ಟಲ್ಲ.

ಡೀಸೆಲ್‌ನಲ್ಲಿ ಪ್ಯಾರಾಫಿನ್ ಇದ್ದೇ ಇರುತ್ತದೆ, ಮೇಣದಬತ್ತಿಯ ಮೇಣದ ಕುಟುಂಬವೇ. ಅದು ಚೆನ್ನಾಗಿ ಉರಿಯುವ ಭಾಗವಾದ್ದರಿಂದ ಪೂರ್ತಿ ತೆಗೆದುಹಾಕುವಂತೆಯೂ ಇಲ್ಲ. ತಣ್ಣಗಾಗುತ್ತಾ ಹೋದ ಹಾಗೆ ಒಂದು ಹಂತದಲ್ಲಿ ಅದು ಸಣ್ಣ ಹರಳುಗಳಾಗಿ ಬೇರೆಯಾಗತೊಡಗುತ್ತದೆ, ಡೀಸೆಲ್ ಮಬ್ಬಾಗುತ್ತದೆ. ಅದೇ ಕ್ಲೌಡ್ ಪಾಯಿಂಟ್. ಇನ್ನೂ ಇಳಿದರೆ ಹರಳುಗಳು ಫಿಲ್ಟರ್ ಮುಚ್ಚುತ್ತವೆ. ಆ ಹಂತವನ್ನು ಅಳೆಯುವ ಪರೀಕ್ಷೆಗೆ ಸಿಎಫ್‌ಪಿಪಿ ಅನ್ನುತ್ತಾರೆ. ಅದಕ್ಕಿಂತಲೂ ಕೆಳಗೆ, ಡೀಸೆಲ್ ಹರಿಯುವುದನ್ನೇ ಬಿಡುವ ಹಂತದ ಆಸುಪಾಸು ಪೋರ್ ಪಾಯಿಂಟ್. ಜನ ಡೀಸೆಲ್ ಪೂರ್ತಿ ಗಟ್ಟಿಯಾಗುವುದಕ್ಕೆ ಹೆದರುತ್ತಾರೆ. ಆದರೆ ಲಾರಿ ನಿಲ್ಲುವುದು ಅದಕ್ಕಿಂತ ಎಷ್ಟೋ ಮೊದಲು. ಟ್ಯಾಂಕ್‌ನಲ್ಲಿ ಡೀಸೆಲ್ ಕುಲುಕುತ್ತಿರುತ್ತದೆ, ಫಿಲ್ಟರ್ ಮಾತ್ರ ಮುಚ್ಚಿಹೋಗಿರುತ್ತದೆ.

ಸಿಎಫ್‌ಪಿಪಿ ಅಂಕಿಯನ್ನು ಹಾಗೇ ನಂಬುವವರಿಗೆ ಒಂದು ಮಾತು. ಆ ಪರೀಕ್ಷೆಯಲ್ಲಿ 20 ಮಿಲಿಲೀಟರ್ ಡೀಸೆಲ್ ಅನ್ನು 45 ಮೈಕ್ರಾನ್ ಜಾಲರಿಯ ಮೂಲಕ ಎಳೆಯುತ್ತಾರೆ. 60 ಸೆಕೆಂಡಿನೊಳಗೆ ದಾಟಿದರೆ ಪಾಸ್, ಇಲ್ಲದಿದ್ದರೆ ಫೇಲ್. ಆದರೆ ಭಾರೀ ಒತ್ತಡದಲ್ಲಿ ಡೀಸೆಲ್ ಸಿಂಪಡಿಸುವ ಈಗಿನ ಕಾಮನ್ ರೈಲ್ ಎಂಜಿನ್‌ಗಳ ಮುಖ್ಯ ಫಿಲ್ಟರ್ ಸಾಮಾನ್ಯವಾಗಿ ಒಂದಂಕಿ ಮೈಕ್ರಾನ್‌ನದು. ಪರೀಕ್ಷೆಯ ಜಾಲರಿ ದಾಟುವ ಹರಳು ಇದನ್ನು ದಾಟುತ್ತದೆ ಅನ್ನುವ ಭರವಸೆ ಇಲ್ಲ. ಜೊತೆಗೆ ಲ್ಯಾಬ್‌ನಲ್ಲಿ ಡೀಸೆಲ್ ಬೇಗ ತಣ್ಣಗಾಗುತ್ತದೆ. ಯಾರ್ಡ್‌ನಲ್ಲಿ ನಿಂತ ಟ್ಯಾಂಕ್‌ನಲ್ಲಿ ನಿಧಾನವಾಗಿ ತಣ್ಣಗಾಗುತ್ತಾ ಹರಳುಗಳು ದೊಡ್ಡದಾಗಿ ಬೆಳೆಯುತ್ತವೆ, ತಳದಲ್ಲಿ ಕೂರುತ್ತವೆ. ಸಕ್ಷನ್ ಪೈಪ್ ಎಳೆಯುವುದೂ ತಳದಿಂದಲೇ ಅಲ್ವಾ? ಹಾಗಾಗಿ ಸಿಎಫ್‌ಪಿಪಿ ಮೈನಸ್ 20 ಎಂದು ಬರೆದಿದ್ದರೆ ಮೈನಸ್ 20ರವರೆಗೂ ನಿಶ್ಚಿಂತೆ ಅಂದುಕೊಳ್ಳಬಾರದು. ಕ್ಲೌಡ್ ಪಾಯಿಂಟ್ ಮತ್ತು ಸಿಎಫ್‌ಪಿಪಿ ನಡುವೆ ಎಲ್ಲೋ ತೊಂದರೆ ಶುರುವಾಗಬಹುದು.

ಇನ್ನು ಎರಡು ಲಾರಿಗಳ ನಡುವಿನ ವ್ಯತ್ಯಾಸ. ಹೊರಟುಹೋದ ಲಾರಿ ಹಿಂದಿನ ಸಂಜೆ ಯಾರ್ಡ್‌ಗೆ ಬಂದಾಗ ಟ್ಯಾಂಕ್ ಹೆಚ್ಚುಕಮ್ಮಿ ಖಾಲಿಯಾಗಿತ್ತು. ಅಲ್ಲೇ, ಆ ಚಳಿಗೆಂದೇ ತಯಾರಾದ ಡೀಸೆಲ್ ತುಂಬಿಸಿಕೊಂಡಿತು. ನಿಂತುಹೋದ ಲಾರಿಗೆ ಎರಡು ದೊಡ್ಡ ಟ್ಯಾಂಕ್‌ಗಳು. ದಾರಿಯಲ್ಲಿ ನಿಲ್ಲಿಸುವುದು ಬೇಡ ಎಂದು ಹಿಂದಿನ ದಿನ ಸಾವಿರ ಕಿಲೋಮೀಟರ್ ಆಚೆ, ಅಷ್ಟೇನೂ ಚಳಿ ಇಲ್ಲದ ಕಡೆ, ಎರಡನ್ನೂ ತುಂಬಿಸಿಕೊಂಡು ಹೊರಟಿತ್ತು. ಯಾರ್ಡ್‌ಗೆ ಬಂದಾಗಲೂ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಮೇಲೆ ಸ್ವಲ್ಪ ಯಾರ್ಡ್ ಡೀಸೆಲ್ ಹಾಕಿಸಿದ್ದರು. ಮಿಶ್ರಣದಲ್ಲಿ ಕ್ಲೌಡ್ ಪಾಯಿಂಟ್ ಲೆಕ್ಕ ಹಾಕಿದಷ್ಟು ಸುಲಭವಾಗಿ ಇಳಿಯುವುದಿಲ್ಲ, ಮೇಣ ಜಾಸ್ತಿ ಇರುವ ಡೀಸೆಲ್ ಕಡೆಗೇ ವಾಲುತ್ತದೆ. ಟ್ಯಾಂಕ್‌ನ ಡೀಸೆಲ್ ಅನ್ನು ಬಿಸಿ ಮಾಡಿ ತಿಳಿಯಾಗಿಸಿ, ಥರ್ಮಾಮೀಟರ್ ಜೊತೆ ಜಾಡಿಯಲ್ಲಿ ಹೊರಗಿಟ್ಟು ನೋಡಿದರು. ಮೈನಸ್ 10ರ ಆಸುಪಾಸಿನಲ್ಲೇ ಮಬ್ಬು ಶುರುವಾಯಿತು.

ಡೀಸೆಲ್ ಎಲ್ಲ ಕಡೆ ಒಂದೇ ಅಲ್ಲ ಅನ್ನುವುದು ತುಂಬ ಡ್ರೈವರ್‌ಗಳಿಗೆ ಗೊತ್ತು, ಆದರೆ ವ್ಯತ್ಯಾಸ ಎಷ್ಟು ದೊಡ್ಡದು ಅನ್ನುವುದು ಗೊತ್ತಿಲ್ಲ. ಯುರೋಪಿನ ಇಎನ್ 590 ಮಾನದಂಡವನ್ನೇ ನೋಡಿ. ಸಾಧಾರಣ ಹವೆಯ ದರ್ಜೆಗಳಲ್ಲಿ ಸಿಎಫ್‌ಪಿಪಿ ಪ್ಲಸ್ 5ರಿಂದ ಮೈನಸ್ 20ರವರೆಗೆ ಇದೆ. ಕಡುಚಳಿಯ ದರ್ಜೆಗಳಲ್ಲಿ ಅದು ಮೈನಸ್ 20ರಿಂದ ಮೈನಸ್ 44ರವರೆಗೆ ಇಳಿಯುತ್ತದೆ. ಎಲ್ಲಕ್ಕಿಂತ ಚಳಿಯ ದರ್ಜೆಗೆ ಕ್ಲೌಡ್ ಪಾಯಿಂಟ್ ಮೈನಸ್ 34. ಪಂಪ್ ಮೇಲೆ ಬರೆದಿರುವುದು ಎರಡಕ್ಕೂ ಡೀಸೆಲ್ ಅಂತಲೇ.

ಹಾಗಾದರೆ ಹಿಂದಿನ ಸಂಜೆಯವರೆಗೂ ಇದೇ ಡೀಸೆಲ್‌ನಲ್ಲಿ ಲಾರಿ ಹೇಗೆ ಓಡಿತು? ಓಡುವ ಎಂಜಿನ್ ತನಗೆ ಬೇಕಾದ್ದಕ್ಕಿಂತ ಜಾಸ್ತಿ ಡೀಸೆಲ್ ಎಳೆದುಕೊಂಡು, ಉಳಿದದ್ದನ್ನು ಬಿಸಿ ಮಾಡಿ ರಿಟರ್ನ್ ಪೈಪ್‌ನಲ್ಲಿ ಟ್ಯಾಂಕ್‌ಗೆ ವಾಪಸ್ ಕಳಿಸುತ್ತದೆ. ಓಡುತ್ತಿರುವಷ್ಟು ಹೊತ್ತು ಟ್ಯಾಂಕ್ ಬೆಚ್ಚಗಿರುತ್ತದೆ. ನಿಲ್ಲಿಸಿದ ಮೇಲೆ ಆ ಬಿಸಿ ಇಲ್ಲ. ಗಾಳಿ ಬೀಸಿದರೆ ಇನ್ನೂ ಬೇಗ ತಣ್ಣಗಾಗುತ್ತದೆ. ಅಂದಹಾಗೆ, ಹವಾಮಾನ ವರದಿಯಲ್ಲಿ ಹೇಳುವ ವಿಂಡ್ ಚಿಲ್ ಅಂಕಿ, ಅಂದರೆ ಗಾಳಿಗೆ ಮೈಗೆ ಎಷ್ಟು ಚಳಿ ಅನಿಸುತ್ತದೆ ಅನ್ನುವ ಅಂಕಿ, ನೋಡಿ ಡೀಸೆಲ್ ಲೆಕ್ಕ ಹಾಕಬೇಡಿ. ಗಾಳಿ ಎಷ್ಟೇ ಬೀಸಿದರೂ ಲೋಹ ಮತ್ತು ಡೀಸೆಲ್ ಹೊರಗಿನ ನಿಜವಾದ ತಾಪಮಾನಕ್ಕಿಂತ ಕೆಳಗೆ ಇಳಿಯುವುದಿಲ್ಲ. ಅಲ್ಲಿಗೆ ಬೇಗ ಮುಟ್ಟುತ್ತವೆ, ಅಷ್ಟೇ.

ಬಾಟಲಿ ಮದ್ದು, ಆಮೇಲೆ ಶೆಡ್

ಹೊಸ ಫಿಲ್ಟರ್ ಹಾಕಿ, ಹ್ಯಾಂಡ್ ಪಂಪ್ ಒತ್ತಿ ಏರ್ ತೆಗೆದು, ಹೊರಗಿನಿಂದ ಕರೆಂಟ್ ಕೊಡುವ ಬೂಸ್ಟರ್‌ನಿಂದ ಸ್ಟಾರ್ಟ್ ಮಾಡಿದರು. ಹತ್ತು ನಿಮಿಷದಲ್ಲಿ ಅದೂ ಮುಚ್ಚಿಕೊಂಡಿತು. ಟ್ಯಾಂಕ್‌ನಲ್ಲಿರುವುದು ಅದೇ ಡೀಸೆಲ್ ಆದರೆ ಫಿಲ್ಟರ್ ಎಷ್ಟು ಬದಲಿಸಿದರೂ ಅಷ್ಟೇ. ಆಗ ಆಂಟಿಜೆಲ್ ಬಾಟಲಿಗಳನ್ನು ಟ್ಯಾಂಕ್‌ಗೆ ಸುರಿದರು. ಏನೂ ಆಗಲಿಲ್ಲ.

ಆಂಟಿಜೆಲ್ ಸುಳ್ಳು ಅಂತಲ್ಲ. ಅದರ ಕೆಲಸವೇ ಬೇರೆ. ಅದು ಮೇಣವನ್ನು ಕರಗಿಸುವುದಿಲ್ಲ. ಹರಳುಗಳು ಹುಟ್ಟುವ ಹೊತ್ತಿನಲ್ಲಿ ಅವುಗಳ ಜೊತೆ ಸೇರಿಕೊಂಡು, ದೊಡ್ಡ ತಟ್ಟೆಗಳಾಗಿ ಬೆಳೆಯದಂತೆ ಚಿಕ್ಕದಾಗಿಡುತ್ತದೆ. ಹರಳುಗಳು ಆಗಲೇ ಬೆಳೆದು ಕೂತ ಮೇಲೆ ಹಾಕಿದರೆ ಅದಕ್ಕೆ ಮಾಡಲು ಕೆಲಸವೇ ಉಳಿದಿರುವುದಿಲ್ಲ. ಡೀಸೆಲ್ ಇನ್ನೂ ತಿಳಿಯಾಗಿರುವಾಗ, ಬೆಚ್ಚಗಿರುವಾಗ ಹಾಕಬೇಕು. ಮೊದಲು ಆಂಟಿಜೆಲ್ ಹಾಕಿ ಮೇಲೆ ಡೀಸೆಲ್ ತುಂಬಿಸಿದರೆ ಚೆನ್ನಾಗಿ ಬೆರೆಯುತ್ತದೆ. ಮೇಣ ಕಟ್ಟಿದ ಮೇಲೆ ಕರಗಿಸುವ ಬೇರೆ ದ್ರಾವಣಗಳೂ ಸಿಗುತ್ತವೆ. ಅವುಗಳಿಂದ ಫಿಲ್ಟರ್ ಬಿಡಿಸಬಹುದೇನೋ. ಮೈನಸ್ 34ರಲ್ಲಿ ನೂರಾರು ಲೀಟರ್ ಕೆಟ್ಟ ಡೀಸೆಲ್ ಇರುವ ಟ್ಯಾಂಕ್ ಅನ್ನು ಸರಿಮಾಡುತ್ತವೆ ಎಂದು ನಂಬುವುದು ಕಷ್ಟ.

ಸೀಮೆಎಣ್ಣೆ ಬೆರೆಸೋಣ ಅನ್ನುವ ಮಾತೂ ಬಂತು. ಅದೂ ನಿಜವಾದ ಉಪಾಯವೇ, ಆದರೆ ಚಳಿಗೆ ಮೊದಲು ಬೆರೆಸಬೇಕು, ಮತ್ತು ಸ್ವಲ್ಪ ಬೆರೆಸಿದರೆ ಸಾಲದು. ಹತ್ತು ಪಾಲಿಗೆ ಒಂದು ಪಾಲು ಬೆರೆಸಿದರೆ ಕ್ಲೌಡ್ ಪಾಯಿಂಟ್ ಎರಡು ಡಿಗ್ರಿಯಷ್ಟು ಇಳಿದರೆ ಹೆಚ್ಚು. ಇಲ್ಲಿ ಬೇಕಾಗಿದ್ದದ್ದು ಇಪ್ಪತ್ತಕ್ಕೂ ಜಾಸ್ತಿ. ಜೊತೆಗೆ ಸೀಮೆಎಣ್ಣೆಗೆ ಜಾರುಗುಣ ಕಡಿಮೆ, ಹೈಪ್ರೆಶರ್ ಪಂಪ್ ಬೇಗ ಸವೆಯುತ್ತದೆ. ಗಂಧಕ ಜಾಸ್ತಿ ಇರುವ ಸೀಮೆಎಣ್ಣೆ ಆದರೆ ಹೊಗೆ ಶುದ್ಧಿ ಮಾಡುವ ಭಾಗಗಳೂ ಹಾಳು.

ಕೊನೆಗೆ ಉಳಿದದ್ದು ಬೆಚ್ಚಗಿನ ಶೆಡ್. ಅಲ್ಲಿಗೆ ಎಳೆದುಕೊಂಡು ಹೋಗುವುದೂ ಸುಲಭವಾಗಲಿಲ್ಲ. ಎಂಜಿನ್ ಓಡದೆ ಏರ್ ಟ್ಯಾಂಕ್ ಇಳಿದುಹೋಗಿತ್ತು. ಸ್ಪ್ರಿಂಗ್ ಬಲದಿಂದ ಚಕ್ರ ಹಿಡಿದಿಡುವ ಸ್ಪ್ರಿಂಗ್ ಬ್ರೇಕ್ ಏರ್ ಇಲ್ಲದಿದ್ದರೆ ಬಿಡುವುದಿಲ್ಲ. ಟೋಯಿಂಗ್ ಗಾಡಿಯಿಂದ ಏರ್ ಕೊಟ್ಟ ಮೇಲೂ ಹಿಂದಿನ ಒಂದು ಚಕ್ರ ತಿರುಗಲಿಲ್ಲ. ಹಿಮದಲ್ಲಿ ಓಡಿ ಬಂದು ನಿಂತ ಲಾರಿ, ಬ್ರೇಕ್ ಲೈನಿಂಗ್ ಡ್ರಮ್‌ಗೆ ಹೆಪ್ಪುಗಟ್ಟಿ ಅಂಟಿಕೊಂಡಿತ್ತು. ಡ್ರಮ್ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಬಿಡಿಸಿದರು.

ಬ್ಯಾಟರಿಯ ವಿಷಯ ಸ್ವಲ್ಪ ಗಂಭೀರ. ಪೂರ್ತಿ ಚಾರ್ಜ್ ಇರುವ ಲೆಡ್ ಆ್ಯಸಿಡ್ ಬ್ಯಾಟರಿ ಮೈನಸ್ 50ರಲ್ಲೂ ಹೆಪ್ಪುಗಟ್ಟುವುದಿಲ್ಲ. ಚಾರ್ಜ್ ಇಳಿದ ಹಾಗೆ ಒಳಗಿನ ಆ್ಯಸಿಡ್ ನೀರಾಗುತ್ತಾ ಹೋಗುತ್ತದೆ. ಸಾಂದ್ರತೆ 1.200ಕ್ಕೆ ಇಳಿದರೆ ಮೈನಸ್ 27ರ ಹತ್ತಿರ, 1.150 ಆದರೆ ಮೈನಸ್ 15ರಲ್ಲೇ ಮಂಜುಗಡ್ಡೆ. ಬೆಳಿಗ್ಗೆಯ ಸೆಲ್ಫ್ ಹೊಡೆತಕ್ಕೆ ಚಾರ್ಜ್ ಕಳೆದುಕೊಂಡ ಬ್ಯಾಟರಿಗಳು ಚಳಿಯಲ್ಲೇ ಮಧ್ಯಾಹ್ನದವರೆಗೆ ಕೂತಿದ್ದವು. ಒಂದರ ಪಕ್ಕೆ ಉಬ್ಬಿತ್ತು. ಹೆಪ್ಪುಗಟ್ಟಿದ ಬ್ಯಾಟರಿಗೆ ಬೂಸ್ಟರ್ ಕೊಡುವುದಾಗಲಿ ಚಾರ್ಜ್ ಮಾಡುವುದಾಗಲಿ ಅಪಾಯ, ಒಡೆದು ಸಿಡಿಯಬಹುದು. ಅದನ್ನು ಬಿಚ್ಚಿ ಬದಿಗಿಟ್ಟು, ಬೇರೆ ಬ್ಯಾಟರಿ ತಂದರು.

ಶೆಡ್‌ಗೆ ಬಂದ ತಕ್ಷಣ ಡೀಸೆಲ್ ಕರಗುತ್ತದೆ ಅಂದುಕೊಂಡವರಿಗೆ ನಿರಾಸೆಯಾಯಿತು. ಲೆಕ್ಕ ಹಾಕಿ ನೋಡಿ. ಟ್ಯಾಂಕ್‌ನಲ್ಲಿ 600 ಲೀಟರ್ ಅಂದರೆ ಸುಮಾರು 500 ಕಿಲೋ ಡೀಸೆಲ್. ಅದನ್ನು ಮೈನಸ್ 30ರಿಂದ ಸೊನ್ನೆಗೆ ತರಲು ಎಂಟು ಯೂನಿಟ್‌ಗೂ ಮಿಕ್ಕಿ ಶಕ್ತಿ ಬೇಕು. 1,500 ವಾಟ್ ಹೀಟರ್ ಒಂದರ ಬಿಸಿ ಪೂರ್ತಿ ಡೀಸೆಲ್‌ಗೇ ಹೋದರೂ ಐದೂವರೆ ಗಂಟೆ. ನಿಜದಲ್ಲಿ ಅರ್ಧ ಬಿಸಿ ಗಾಳಿಗೇ ಹೋಗುತ್ತದೆ. ಕಾಯುವ ಬದಲು ಎಡಗಡೆ ಟ್ಯಾಂಕ್‌ನಿಂದ ಆದಷ್ಟು ಡೀಸೆಲ್ ತೆಗೆದು, ಶೆಡ್‌ನಲ್ಲೇ ಬೆಚ್ಚಗಿಟ್ಟಿದ್ದ ಯಾರ್ಡ್ ಡೀಸೆಲ್ ಹಾಕಿದರು. ಮೂರನೇ ಫಿಲ್ಟರ್. ಸಂಜೆ ಎಂಜಿನ್ ಹಿಡಿಯಿತು, ಈ ಸಲ ನಿಲ್ಲಲಿಲ್ಲ.

ಡ್ಯಾಶ್‌ಬೋರ್ಡ್‌ನಲ್ಲಿ ಆ್ಯಡ್‌ಬ್ಲೂ (ಹೊಗೆ ಶುದ್ಧಿಗೆ ಬಳಸುವ ಯೂರಿಯಾ ದ್ರಾವಣ) ದೀಪ ನೋಡಿ ಡ್ರೈವರ್ ಗಾಬರಿಯಾದರು. ಅದಕ್ಕೆ ತಲೆಕೆಡಿಸಿಕೊಳ್ಳಬೇಕಿರಲಿಲ್ಲ. ಆ್ಯಡ್‌ಬ್ಲೂ ಮೈನಸ್ 11ರಲ್ಲೇ ಗಟ್ಟಿಯಾಗುತ್ತದೆ. ಎಂಜಿನ್ ಓಡತೊಡಗಿದ ಮೇಲೆ ಹೀಟರ್ ಅದನ್ನು ಕರಗಿಸಿಕೊಳ್ಳುವಂತೆಯೇ ಲಾರಿ ಮಾಡಿರುತ್ತಾರೆ. ಗಟ್ಟಿಯಾದಾಗ ಹಿಗ್ಗುವುದರಿಂದ ಅದರ ಟ್ಯಾಂಕ್ ಅನ್ನು ಕಂಠಪೂರ್ತಿ ತುಂಬಿಸಬಾರದು, ಅಷ್ಟೇ ಎಚ್ಚರಿಕೆ.

ಏನು ಬದಲಿಸಿದರು

ಮೇಲ್ವಿಚಾರಕರ ಮೊದಲ ತೀರ್ಮಾನ: ಇನ್ನು ಮುಂದೆ ರಾತ್ರಿ ಎಂಜಿನ್ ಆಫ್ ಮಾಡುವುದೇ ಬೇಡ. ನನಗೆ ಇದು ಒಪ್ಪಿಗೆ ಇಲ್ಲ. ಕರೆಂಟ್ ಸಿಗದ ಕಡೆ, ಮೈನಸ್ 40ರಲ್ಲಿ ಅದು ಅನಿವಾರ್ಯ ಇರಬಹುದು. ಆದರೆ ಲೋ ಐಡಲ್‌ನಲ್ಲಿ, ಅಂದರೆ ನಿಂತಲ್ಲೇ ಕಡಿಮೆ ಆರ್‌ಪಿಎಂನಲ್ಲಿ ಓಡುವಾಗ, ದೊಡ್ಡ ಎಂಜಿನ್ ತನ್ನನ್ನು ತಾನು ಬೆಚ್ಚಗಿಟ್ಟುಕೊಳ್ಳಲಾರದು. ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಆಯಿಲ್ ಜೊತೆ ಬೆರೆಯುತ್ತದೆ, ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್‌ನಲ್ಲಿ ಮಸಿ ತುಂಬುತ್ತದೆ. ಗಂಟೆಗೆ ಮೂರು ಲೀಟರ್‌ನಷ್ಟು ಡೀಸೆಲ್ ಬೇರೆ. ಐಡಲ್‌ನಲ್ಲಿ ಇಡಲೇಬೇಕಾದರೆ ಆರ್‌ಪಿಎಂ ಸಾವಿರದ ಮೇಲಿರಲಿ, ರೇಡಿಯೇಟರ್ ಮುಂದೆ ಕವರ್ ಇರಲಿ. ಡ್ರೈವರ್ ಮಲಗಲು ಬೆಚ್ಚಗಿರಬೇಕು ಅಂದರೆ ಕ್ಯಾಬಿನ್‌ಗೆ ಡೀಸೆಲ್ ಹೀಟರ್ ಇದೆ. ಚಿಕ್ಕದೊಂದು ಹೀಟರ್ ಗಂಟೆಗೆ ಕಾಲು ಲೀಟರ್ ಕೂಡ ಕುಡಿಯುವುದಿಲ್ಲ. ಅದೂ ಟ್ಯಾಂಕ್‌ನ ಡೀಸೆಲ್ ಮೇಲೆಯೇ ನಿಂತಿರುತ್ತದೆ, ಮೇಣ ಕಟ್ಟಿದರೆ ಅದೂ ಆರುತ್ತದೆ, ಇದು ನೆನಪಿರಲಿ.

ಕೆಲಸಕ್ಕೆ ಬಂದ ಬದಲಾವಣೆ ಡೀಸೆಲ್ ತುಂಬಿಸುವ ಕ್ರಮದಲ್ಲಿತ್ತು. ಚಳಿ ಪ್ರದೇಶಕ್ಕೆ ಹೋಗುವ ಲಾರಿ ಈಗ ಟ್ಯಾಂಕ್ ತುಂಬಿಸಿಕೊಂಡು ಹೊರಡುವುದಿಲ್ಲ. ಚಳಿ ಶುರುವಾಗುವ ಕಡೆಗೆ ಕಾಲು ಟ್ಯಾಂಕ್ ಉಳಿಯುವಷ್ಟು ಮಾತ್ರ ಹಾಕಿಸಿಕೊಂಡು ಹೋಗಿ, ಅಲ್ಲಿ ಚಳಿ ದರ್ಜೆಯ ಡೀಸೆಲ್ ತುಂಬಿಸುತ್ತದೆ. ತುಂಬಿಸಿದ ಕೂಡಲೇ ನಿಲ್ಲಿಸಿ ಮಲಗುವಂತಿಲ್ಲ. ಹೊಸ ಡೀಸೆಲ್ ಫಿಲ್ಟರ್‌ವರೆಗೆ ತಲುಪುವಷ್ಟು ಹೊತ್ತು ಎಂಜಿನ್ ಓಡಬೇಕು. ಇಲ್ಲದಿದ್ದರೆ ಟ್ಯಾಂಕ್‌ನಲ್ಲಿ ಒಳ್ಳೆಯದು, ಫಿಲ್ಟರ್‌ನಲ್ಲಿ ಹಳೆಯದು. ಡೀಸೆಲ್‌ನಿಂದ ನೀರು ಬೇರೆ ಮಾಡುವ ವಾಟರ್ ಸೆಪರೇಟರ್ ದಿನಾ ಬೆಚ್ಚಗಿರುವಾಗಲೇ ಖಾಲಿ ಮಾಡುತ್ತಾರೆ. ಎರಡು ಹೊಸ ಫಿಲ್ಟರ್ ಮತ್ತು ಅವನ್ನು ಬಿಚ್ಚುವ ಸ್ಪ್ಯಾನರ್ ಕ್ಯಾಬಿನ್ ಒಳಗೇ ಇರುತ್ತವೆ. ಲಾಗ್ ಪುಸ್ತಕದಲ್ಲಿ ಎಷ್ಟು ಲೀಟರ್ ಅನ್ನುವುದರ ಪಕ್ಕದಲ್ಲಿ ಎಲ್ಲಿ ತುಂಬಿಸಿದ್ದು ಅನ್ನುವ ಹೊಸ ಅಂಕಣ ಬಂತು.

ಆಯಿಲ್ ಕೂಡ ಬದಲಾಯಿತು. ಎರಡೂ ಲಾರಿಗಳಲ್ಲಿ 15ಡಬ್ಲ್ಯೂ-40 ದರ್ಜೆಯ ಎಂಜಿನ್ ಆಯಿಲ್ ಇತ್ತು; ಡಬ್ಲ್ಯೂ ಹಿಂದಿನ ಅಂಕಿ ಚಿಕ್ಕದಾದಷ್ಟೂ ಆಯಿಲ್ ಚಳಿಯಲ್ಲಿ ಸುಲಭವಾಗಿ ಹರಿಯುತ್ತದೆ. ಮಾನದಂಡದ ಪ್ರಕಾರ ಆ ದರ್ಜೆ ಪಂಪ್ ಆಗುತ್ತದೆಯೇ ಎಂದು ಪರೀಕ್ಷಿಸುವುದು ಮೈನಸ್ 25ರಲ್ಲಿ. 5ಡಬ್ಲ್ಯೂ ಆದರೆ ಮೈನಸ್ 35, 0ಡಬ್ಲ್ಯೂ ಆದರೆ ಮೈನಸ್ 40. ಅವತ್ತು ಬ್ಲಾಕ್ ಹೀಟರ್ ಇದ್ದದ್ದರಿಂದ ಬಚಾವ್. ಕರೆಂಟ್ ಹೋಗಿದ್ದರೆ ಎರಡೂ ಲಾರಿ ನಿಂತಿರುತ್ತಿದ್ದವು.

ಸಂಜೆ ಸ್ಟಾರ್ಟ್ ಆದ ಲಾರಿ ಮರುದಿನ ಇನ್ನೊಂದು ಸಣ್ಣ ಆಟ ಆಡಿತು. ಎಡ ಟ್ಯಾಂಕ್ ಖಾಲಿಯಾಗುತ್ತಾ ಬಂತು, ಬಲ ಟ್ಯಾಂಕ್ ಇಳಿಯಲೇ ಇಲ್ಲ. ಎಂಜಿನ್ ಎಳೆಯುವುದೂ, ಬಿಸಿ ಡೀಸೆಲ್ ವಾಪಸ್ ಬರುವುದೂ ಎಡ ಟ್ಯಾಂಕ್‌ಗೇ. ಎರಡನ್ನೂ ಸೇರಿಸುವ ತೆಳು ಪೈಪ್ ಚಾಸಿಯ ಕೆಳಗೆ ಗಾಳಿಗೆ ಒಡ್ಡಿಕೊಂಡು ತೂಗಾಡುತ್ತದೆ. ಬಲ ಟ್ಯಾಂಕ್‌ನ ಹಳೇ ಡೀಸೆಲ್ ಅಲ್ಲಿ ಮತ್ತೆ ಮೇಣ ಕಟ್ಟಿತ್ತು. ಮುಂದಿನ ಶೆಡ್‌ನಲ್ಲಿ ಬಲ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಚಳಿ ದರ್ಜೆಯ ಡೀಸೆಲ್ ತುಂಬಿಸಿದರು, ಪೈಪ್‌ಗೆ ದಪ್ಪ ಇನ್ಸುಲೇಷನ್ ಸುತ್ತಿದರು. ತೆಗೆದ ಡೀಸೆಲ್ ಅನ್ನು ಡ್ರಮ್‌ಗಳಲ್ಲಿ ತುಂಬಿ, ಬೇಸಿಗೆಯಲ್ಲಿ ಬಳಸಲೆಂದು ಎತ್ತಿಟ್ಟರು.